ಬೈಸಿಕೊಳ್ಳಲು ಕುರುಗೋಡಿಗೆ

ಬಳ್ಳಾರಿಯ ಉಳಿದ ವ್ಯಾಪಾರಸ್ಥರು ಹೊಸ ಕೆಲಸಕ್ಕೆ ಕೈಹಾಕುವ ಮೊದಲು ಮುಹೂರ್ತ ಕೇಳುತ್ತಿದ್ದರು. ನಮ್ಮಪ್ಪ ಕುರುಗೋಡಿಗೆ ಹೋಗಿ ತನ್ನ ಅಕ್ಕನಿಂದ ಬೈಸಿಕೊಂಡು ಬರುತ್ತಿದ್ದ. ಅಕ್ಕನ ಪ್ರತಿ ಬೈಗುಳಕ್ಕೂ ತನ್ನ ಹತ್ತಿರ ಉತ್ತರವಿದ್ದರೆ ಆ ವ್ಯಾಪಾರ ಮಾಡುತ್ತಿದ್ದ, ಒಂದಕ್ಕಾದರೂ ಬಾಯಿ ಕಟ್ಟಿದರೆ ಬಿಡುತ್ತಿದ್ದ. "ಮಾರ್ಕೆಟ್ಟಿನ್ಯಾಗ ಕೈ ಸುಟ್ಕೊಳ್ಳಾದಕಿಂತ ಅಕ್ಕನ ಕಡಿ ಬೈಸ್ಕೊಳ್ಳಾದು ಸಸ್ತಾ" ಎನ್ನುತ್ತಿದ್ದ.

ಅರವತ್ತರ ದಶಕದಲ್ಲಿ ಅವನದು ಶೇಂಗಾ ದಲಾಲಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಹಾಕಬೇಕೆಂದಾಗ ನಾನೂ ಜೊತೆಗೆ ಹೋಗಿದ್ದೆ. ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ತಲೆ ಎತ್ತದೆಯೇ ಶುರು ಮಾಡಿದಳು.

"ಲೇ ತಮ್ಮಾ, ತಲಿ ನೆಟ್ಟಗೈತೇನ್ಲೇ? ಶೇಂಗಾ ಮಾರೋನಿಗೆ ಭತ್ತದ ಉಸಾಬರಿ ಯಾಕ? ಕಾಲುವಿ ನೀರು ಬರಲಿಲ್ಲಂದ್ರ ಗಿರಣ್ಯಾಗ ಗುಬ್ಬಿ ಸಾಕ್ತೀಯೇನು?"

"ನೀರು ತಪ್ಪಿದ ವರ್ಷ ಅದೇ ಶೆಡ್ಡಿನ್ಯಾಗ ಶೇಂಗಾ ಒಡಸ್ತೀನಿ ಬಿಡಕ್ಕಾ."

"ಹಂಗಾರ ಸಾಯಿ ಹೋಗು" ಎಂದು ರೊಟ್ಟಿ ಬಡಿಯಲು ಎದ್ದಳು. ಸಿರುಗುಪ್ಪದಲ್ಲಿ ಗಿರಣಿ ಎದ್ದು ನಿಂತಿತು. ಮುಂದೆ ಬಸ್ಸು ಓಡಿಸುವ ಹುಚ್ಚು ಹತ್ತಿದಾಗ, "ಡ್ರೈವರ್ ಕುಡದು ಹೊಡದ್ರ ಸತ್ತೋರ ಮನಿಗೆ ಹೋಗಿ ಏನಂತೀಲೇ?" ಎಂದು ಕೇಳಿದಳು. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ, ಬಸ್ಸು ಬರಲಿಲ್ಲ.

ಆಮೇಲೆ ಅವನಿಗೆ ಕೈ ಹತ್ತಿತು. ಗಿರಣಿ ಎರಡಾದವು, ಬಳ್ಳಾರಿಯಲ್ಲಿ ಎಣ್ಣೆ ಮಿಲ್ಲು, ಸತ್ಯನಾರಾಯಣಪೇಟೆಯಲ್ಲಿ ಮಹಡಿ ಮನೆ, ಬಾಗಿಲಿಗೆ ಕಾರು. ಜನ ಹೆಸರು ಬಿಟ್ಟು ಸಾಹುಕಾರ ಎಂದರು. ಅವನು ಏನು ಹೇಳಲಿ, ಮ್ಯಾನೇಜರಿನಿಂದ ಹಿಡಿದು ಬೀಗರವರೆಗೆ ಎಲ್ಲರದೂ ಒಂದೇ ಮಾತು, ಭೇಷ್. ಟಾಕೀಸು ಕಟ್ಟಿಸುತ್ತೇನೆ ಎಂದಾಗಲೂ ಭೇಷ್. ಅಪ್ಪ ನನ್ನ ಮುಂದೆ ರೇಗಿದ.

"ಸಿನಿಮಾದ ಗಂಧ ಗಾಳಿ ಗೊತ್ತಿಲ್ಲ ನನಗ. ಒಬ್ಬನಾರ ಬ್ಯಾಡ ಅಂತಾನೇನು ನೋಡು! ನಡಿಯವ್ವಾ, ಕುರುಗೋಡಿಗೆ."

ಈ ಸಲ ಅತ್ತೆ ಕುರ್ಚಿ ಹಾಕಿಸಿದ್ದಳು. ತಲೆ ತುಂಬ ಸೆರಗು ಹೊದ್ದು ಗೋಡೆಗೆ ಆತು ನಿಂತಳು. ಎಲ್ಲ ಕೇಳಿ, "ನಿಮಗ ತಿಳೀಲಾರದ್ದೇನೈತ್ರಿ, ಮಾಡ್ರಿ" ಎಂದಳು. ಒಡಹುಟ್ಟಿದ ತಮ್ಮನಿಗೆ ರೀ! ನನಗೆ ಮೈ ಉರಿಯಿತು.

"ಬೈಸ್ಕೊಳ್ಳಾಕ ಬಂದೀನಕ್ಕಾ. ಬೈ."

"ನನ್ನ ಇಬ್ರೂ ಮಕ್ಳು ನಿಮ್ಮ ಗಿರಣ್ಯಾಗ ಅದಾರ. ನಾ ಹೆಂಗ ಬೈಲ್ರಿ?"

"ಹಂಗಾರ ನಾಳಿಂದ ಇಬ್ರನ್ನೂ ಮನಿಗೆ ಕಳಸ್ತೀನಿ. ಆಗಾರ ಬೈತಿಯಿಲ್ಲ?" ಹಳೆಯ ಸಲುಗೆಯಲ್ಲಿ ಅಪ್ಪ ನಕ್ಕ.

ಅತ್ತೆ ನಗಲಿಲ್ಲ. ಮುಖ ಬಿಳಿಚಿಕೊಂಡು, ಬಗ್ಗಿ ಅವನ ಕಾಲು ಹಿಡಿದುಬಿಟ್ಟಳು. "ಹಂಗ ಮಾಡಬ್ಯಾಡ್ರಿ, ನನ್ನಿಂದೇನು ತಪ್ಪಾತ್ರಿ?" ಅವನನ್ನು ಎತ್ತಿ ಆಡಿಸಿದವಳು! ಅಪ್ಪ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, "ತಮಾಷಿ ಮಾಡಿದೆ ಅಕ್ಕಾ, ನಿನ್ನಾಣೆ ತಮಾಷಿ" ಎಂದು ಅಂಗಲಾಚಿದ. ಅವಳು ಹೂಂ ಹೂಂ ಎಂದಳು. ನಂಬಿರಲಿಲ್ಲ, ಅದು ನನಗೇ ಗೊತ್ತಾಗುತ್ತಿತ್ತು. ನನಗೆ ಅವಳ ಮೇಲೂ ಸಿಟ್ಟು, ಅಪ್ಪನ ಮೇಲೂ ಸಿಟ್ಟು, ಹೊರಗೆ ನಿಂತಿದ್ದ ಕಾರಿನ ಮೇಲೂ ಸಿಟ್ಟು. ಊಟ ಮಾಡದೆ ವಾಪಸು ಬಂದೆವು.

ಬೈಸಿಕೊಳ್ಳದೆಯೇ ಟಾಕೀಸು ಕಟ್ಟಿಸಿದ. ಅದು ಚೆನ್ನಾಗಿಯೇ ಓಡಿತು, ಸಾಹುಕಾರರು ಮುಟ್ಟಿದ್ದೆಲ್ಲ ಬಂಗಾರ ಎಂದು ಊರು ಇಂದಿಗೂ ಹೇಳುತ್ತದೆ. ನನಗೆ ನೆನಪಿರುವುದು ಮೊದಲ ಆಟ. ಅಪ್ಪ ಕಾರು ಕಳಿಸಿ ಅತ್ತೆಯನ್ನು ಕರೆಸಿ, ಬಾಲ್ಕನಿಯಲ್ಲಿ ತನ್ನ ಪಕ್ಕ ಕೂರಿಸಿಕೊಂಡಿದ್ದ. ಅವಳು ಜನ್ಮದಲ್ಲಿ ಸಿನಿಮಾ ನೋಡಿದವಳಲ್ಲ. ಅಪ್ಪ ಅವಳ ಕಿವಿಯ ಹತ್ತಿರ ಬಾಗಿ, "ಬ್ಯಾಸರಾದ್ರ ಹೇಳಕ್ಕಾ, ಎದ್ದು ಹೋಗೋಣು" ಎಂದ.

"ಇಲ್ರಿ, ಇಲ್ರಿ. ಸಿನಿಮಾ ಭಾಳ ಚಂದ ಐತ್ರಿ" ಎಂದಳು.

ದೀಪಗಳು ಇನ್ನೂ ಆರಿರಲಿಲ್ಲ, ಸಿನಿಮಾ ಶುರುವಾಗಿರಲಿಲ್ಲ.