ಥರ್ಲ್‌ಬಿ ಸಾಹೇಬರ ಸರ್ವಿಸ್ ಬುಕ್ಕು

ಕುಷಾಯಿಗೂಡದ ಕಲ್ಯಾಣಪ್ಪನವರು ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಗೋಕರ್ಣದಲ್ಲಿ, ಪಾದ ನೆನೆಯುವಷ್ಟು. ಹಾಗಿದ್ದೂ ನೂರು ವರ್ಷದ ಹಿಂದಿನ ಒಬ್ಬ ಬ್ರಿಟಿಷ್ ನೌಕಾಧಿಕಾರಿಯ ನೌಕರಿಯ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಆತನ ಕಟ್ಟಿಕೊಂಡ ಹೆಂಡತಿಗೂ ಗೊತ್ತಿರಲಿಲ್ಲ. ಬೇಕಾದರೆ ಛಾಪಾ ಕಾಗದದ ಮೇಲೆ ಬರೆದುಕೊಡಬಹುದು.

ಹುಮನಾಬಾದ್ ಕಡೆಯಿಂದ ಬಂದ ಕಲ್ಯಾಣಪ್ಪನವರು ಇಲ್ಲಿಯ ದೊಡ್ಡ ಕಾರ್ಖಾನೆಯ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದರು. ಮಾಡಿದ ಕೆಲಸವೆಂದರೆ ಬೇರೆಯವರು ಮಾಡಿದ ಕೆಲಸವನ್ನು ಅವರವರ ಸರ್ವಿಸ್ ಬುಕ್ಕಿನಲ್ಲಿ ಬರೆಯುವುದು. ಯಾರು ಯಾವತ್ತು ಸೇರಿದ, ಯಾವತ್ತು ರಜೆ ಹಾಕಿದ, ಎಡಗೈ ಹೆಬ್ಬೆಟ್ಟು ಹೇಗಿದೆ, ಗುರುತಿನ ಮಚ್ಚೆ ಎಲ್ಲಿದೆ. ಮನುಷ್ಯನ ಬಾಳಿನಲ್ಲಿ ಏನಾದರೂ ನಡೆದಿದ್ದರೆ ಅದಕ್ಕೆ ತಾರೀಖು, ಸಹಿ, ಮೊಹರು ಇರಲೇಬೇಕು. ಇಲ್ಲದಿದ್ದರೆ ಅದು ನಡೆದೇ ಇಲ್ಲ. ಇದು ಅವರ ನಂಬಿಕೆ. ರಿಟೈರ್ ಆದ ಮೇಲೂ ನಂಬಿಕೆ ರಿಟೈರ್ ಆಗಲಿಲ್ಲ.

ಒಂದು ಭಾನುವಾರ ಆಬಿಡ್ಸಿನ ಫುಟ್‌ಪಾತಿನ ಮೇಲೆ, ಹಳೇ ಪುಸ್ತಕಗಳ ರಾಶಿಯಲ್ಲಿ, ಹಗ್ಗ ಕಟ್ಟಿದ ಒಂದು ಕಾಗದದ ಕಟ್ಟು ಅವರ ಕಣ್ಣಿಗೆ ಬಿತ್ತು. ಅದು ಈ ಊರಿಗೆ ಹೇಗೆ ಬಂತೆಂದು ಮಾರುವವನಿಗೂ ಗೊತ್ತಿರಲಿಲ್ಲ. "ಲೇಕೇ ಜಾವ್ ಚಾಚಾ, ರಸ್ಸೀ ಮುಫತ್" ಎಂದು ಹಗ್ಗವನ್ನೂ ಧರ್ಮಕ್ಕೆ ಕೊಟ್ಟ.

ಒಳಗಿದ್ದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಚೀಟಿಗಳು. ಎಡ್ಮಂಡ್ ಥರ್ಲ್‌ಬಿ ಎಂಬ ಅಧಿಕಾರಿ ಒಂದೊಂದು ಹಡಗು ಬಿಡುವಾಗಲೂ ಆ ಹಡಗಿನ ಕ್ಯಾಪ್ಟನ್ ಬರೆದುಕೊಟ್ಟ ನಡತೆ ಪತ್ರಗಳು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಈತ ನನ್ನ ಕೈಕೆಳಗೆ ಕುಡಿತವಿಲ್ಲದೆ, ನನಗೆ ಪೂರ್ತಿ ತೃಪ್ತಿಯಾಗುವಂತೆ ನಡೆದುಕೊಂಡಿದ್ದಾನೆ. ಕೆಳಗೆ ಸಹಿ. ಕಲ್ಯಾಣಪ್ಪನವರ ಕಣ್ಣಲ್ಲಿ ನೀರು ಬಂತು.

"ಇಂಥಾ ರಿಪೋರ್ಟು ನಮ್ಮ ಪ್ಲಾಂಟಿನ್ಯಾಗ ಒಬ್ಬರಿಗೂ ಬಂದಿಲ್ಲ ನೋಡು" ಎಂದು ಹೆಂಡತಿಗೆ ತೋರಿಸಿದರು.

ಸಾವಿತ್ರಿಬಾಯಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. "ಕುಡೀತಿದ್ದಿಲ್ಲ ಅಂತ ಮತ್ ಮತ್ ಬರದಾರಂದ್ರ ಏನೋ ಸಂಶೇ ಇತ್ತು ಬಿಡ್ರಿ" ಎಂದರು.

ಮರುದಿನವೇ ಕಲ್ಯಾಣಪ್ಪನವರು ಸ್ಟೇಷನರಿ ಅಂಗಡಿಯಿಂದ ಎರಡು ಖಾಲಿ ಸರ್ವಿಸ್ ಬುಕ್ ತಂದರು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಹೆಸರು: ಥರ್ಲ್‌ಬಿ. ತಂದೆಯ ಹೆಸರು: ತಿಳಿದುಬಂದಿಲ್ಲ. ಜಾತಿಯ ಕಾಲಮ್ಮಿಗೆ ಬಂದಾಗ ಒಂದು ದಿನ ಯೋಚಿಸಿ 'ಜನರಲ್' ಎಂದು ಬರೆದರು. ಹೆಬ್ಬೆಟ್ಟಿನ ಜಾಗ ಖಾಲಿ ಬಿಡಬೇಕಾಯಿತು. ಅದೊಂದು ಕೊರಗು ಅವರಿಗೆ ಉಳಿದೇ ಇತ್ತು.

ಸಾಹೇಬರು 1898ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ತರಬೇತಿ ಹಡಗು ಹತ್ತಿದರು. ಚೀನಾ ಸಮುದ್ರದಲ್ಲಿ ಮೂರು ವರ್ಷ. 1906ಕ್ಕೆ ಲೆಫ್ಟಿನೆಂಟ್ ಬಡ್ತಿ. ಆಮೇಲೆ ಪರ್ಷಿಯನ್ ಕೊಲ್ಲಿಯಲ್ಲಿ ಕಳ್ಳತನದಿಂದ ಬಂದೂಕು ಸಾಗಿಸುವ ದೋಣಿಗಳನ್ನು ಹಿಡಿಯುವ ಡ್ಯೂಟಿ. ಯುದ್ಧ ಬಂದಾಗ ಉತ್ತರ ಸಮುದ್ರ. 1922ರಲ್ಲಿ, ಯುದ್ಧ ಮುಗಿದು ಅಧಿಕಾರಿಗಳು ಹೆಚ್ಚಾದರೆಂದು ಸರ್ಕಾರ ನೂರಾರು ಜನರನ್ನು ಮನೆಗೆ ಕಳಿಸಿತಲ್ಲ, ಅವರಲ್ಲಿ ಇವರೂ ಒಬ್ಬರು. ಅದು ಕಲ್ಯಾಣಪ್ಪನವರಿಗೆ ಚೆನ್ನಾಗಿ ಅರ್ಥವಾಯಿತು. ವಿ.ಆರ್.ಎಸ್. ಅವರೇನು ಕಂಡಿರದ್ದೇ?

ಎಲ್ಲ ಸರಿ, 1917ರ ಫೆಬ್ರವರಿಯಿಂದ ಹನ್ನೊಂದು ತಿಂಗಳಿಗೆ ಚೀಟಿಯೇ ಇಲ್ಲ.

ಇದೇನು ಸಣ್ಣ ಮಾತೇ? ಹಿಂದಿನ ವರ್ಷ ಪರಿಶೀಲನೆಯಾಗದೆ ಮುಂದಿನ ವರ್ಷಕ್ಕೆ ಸಹಿ ಹಾಕುವುದು ಕಲ್ಯಾಣಪ್ಪನವರ ಧರ್ಮದಲ್ಲಿರಲಿಲ್ಲ. ಸರ್ವಿಸ್ ಮುರಿದರೆ ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷದ ಸೇವೆ ನೀರಿನಲ್ಲಿ ಹೋಮ. ಪೆನ್ನು ಅಲ್ಲಿಗೇ ನಿಂತಿತು. ಮೂರು ವರ್ಷ ನಿಂತಿತು. ಇಂಗ್ಲೆಂಡಿನ ದಾಖಲೆ ಕಚೇರಿಗಳಿಗೆ ಹನ್ನೆರಡು ಪತ್ರ ಬರೆದರು. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಶಿಫ್ಟ್ ಡ್ಯೂಟಿ ಮಾಡುವ ಮಗ ಚೇತನಕುಮಾರ ಅವನ್ನು ಮೇಲ್ ಮಾಡಿ ಮಾಡಿ ಬೇಸತ್ತ.

"ಅಪ್ಪಾ, ಅಂವ ಸತ್ತು ಎಷ್ಟು ವರ್ಷಾತು?"

"ಸತ್ರೇನಾತು? ಬ್ರೇಕ್ ಇನ್ ಸರ್ವಿಸ್ ಸತ್ತ ಮ್ಯಾಲೂ ಇರತೈತಿ. ಅಂಥಾ ಮನುಷ್ಯಾ ಸುಮ್ಮನ ಗೈರುಹಾಜರ್ ಆಗಂಗಿಲ್ಲ. ಏನೋ ಕಾರಣ ಐತಿ, ನಾವು ಹುಡುಕಬೇಕು."

ಕಡೆಗೂ ಒಂದು ಕಚೇರಿಯಿಂದ ಉತ್ತರ ಬಂತು. ಹಡಗು ಸಿಡಿಗುಂಡು ತಗುಲಿ ಮುಳುಗಿತ್ತು. ಸಾಹೇಬರು ನಾಲ್ಕು ತಾಸು ತಣ್ಣೀರಿನಲ್ಲಿದ್ದರು. ಆಮೇಲೆ ಕೈನಡುಕ ನಿಲ್ಲಲಿಲ್ಲ, ನಿದ್ದೆ ಬರಲಿಲ್ಲ. ಹನ್ನೊಂದು ತಿಂಗಳು ಆಸ್ಪತ್ರೆಯಲ್ಲಿದ್ದರು.

ಕಲ್ಯಾಣಪ್ಪನವರು ಹಸಿರು ಶಾಯಿಯಲ್ಲಿ 'ಅನಾರೋಗ್ಯ ರಜೆ, ಸಕ್ರಮಗೊಳಿಸಿದೆ' ಎಂದು ಬರೆದು ಸಹಿ ಹಾಕಿದರು. ಶೀರಾ ಮಾಡಲು ಹೇಳಿದರು. ಸಾವಿತ್ರಿಬಾಯಿ ಮಾಡಿದರು, ತಟ್ಟೆಗೆ ಬಡಿಸಿದರು, ಎದುರಿಗೆ ಕೂತರು.

"ಒಂದು ಮಾತ ಕೇಳ್ಲೇನ್ರಿ? ಈ ಇಂಗ್ರೇಜಿಯವನ ಹನ್ನೊಂದು ತಿಂಗಳಿಗೆ ಹನ್ನೆರಡು ಕಾಗದ ಬರದ್ರಿ. ನಮ್ಮ ಗೊಲ್ಲಾಳಪ್ಪನ ಏಳು ತಿಂಗಳಿಗೆ ಎಷ್ಟು ಬರದಿದ್ರಿ?"

ಕಲ್ಯಾಣಪ್ಪನವರು ಸುಳ್ಳು ಹೇಳುವವರಲ್ಲ. "ಒಂದು" ಎಂದರು. ಶೀರಾ ತಣ್ಣಗಾಯಿತು.

ಗೊಲ್ಲಾಳಪ್ಪ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. 1991ರಲ್ಲಿ ಏಳು ತಿಂಗಳು ಕಾಣೆಯಾಗಿ, ಆಮೇಲೆ ತಾನಾಗಿ ಬಂದು ಗೇಟಿನಲ್ಲಿ ನಿಂತಿದ್ದ. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಿ ಎಂದು ಕಲ್ಯಾಣಪ್ಪನವರು ಮೆಮೊ ಕೊಟ್ಟರು. ಉತ್ತರ ಬರಲಿಲ್ಲ. ಹದಿನಾರನೆಯ ದಿನ ಕೆಂಪು ಶಾಯಿಯಲ್ಲಿ 'ಸೇವಾಭಂಗ' ಎಂದು ಬರೆದರು. ನೌಕರಿ ಉಳಿಯಿತು, ಎಣಿಕೆ ಮಾತ್ರ ಒಂದರಿಂದ ಶುರು. ಆ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಮುರಿಯದೆ ದುಡಿದವರಿಗೆ ಹೆಸರು ಕೆತ್ತಿದ ಗೋಡೆ ಗಡಿಯಾರ ಕೊಡುತ್ತಿದ್ದರು. ಕುಷಾಯಿಗೂಡದ ಮನೆ ಮನೆಯ ಪಡಸಾಲೆಯಲ್ಲಿ ಅದೇ ಗಡಿಯಾರ ಟಿಕ್‌ಟಿಕ್ ಎನ್ನುತ್ತದೆ. ಇಪ್ಪತ್ತೆಂಟೂವರೆ ವರ್ಷ ದುಡಿದ ಗೊಲ್ಲಾಳಪ್ಪನಿಗೆ ಸಿಗಲಿಲ್ಲ. ಅಂದಿನಿಂದ ಎದುರಿಗೆ ಸಿಕ್ಕರೆ "ಶರಣ್ರಿ" ಅನ್ನುತ್ತಿದ್ದ, ಅಷ್ಟೇ. ಎರಡು ಬೀದಿ ಆಚೆ ಇದ್ದರೂ ಮನೆಗೆ ಒಮ್ಮೆಯೂ ಬಂದವನಲ್ಲ.

ಮರುದಿನ ಬೆಳಿಗ್ಗೆ ಕಲ್ಯಾಣಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು ಅವನ ಮನೆಗೆ ಹೋದರು. ಗೊಲ್ಲಾಳಪ್ಪನ ಹೆಂಡತಿ ದಾನೇಶ್ವರಿ ನೀರು ತಂದಿಟ್ಟು ಒಳಗೆ ಹೋದಳು. ಎದುರಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಹೊತ್ತ ಮೊಳೆ ಹೆಬ್ಬೆರಳಿನಷ್ಟು ದಪ್ಪ. ಕ್ಯಾಲೆಂಡರಿಗೆ ಅಷ್ಟು ದಪ್ಪದ್ದು ಯಾರೂ ಹೊಡೆಯುವುದಿಲ್ಲ. ಕಲ್ಯಾಣಪ್ಪನವರಿಗೆ ಆ ಮೊಳೆ ಯಾವುದಕ್ಕೆ ಹೊಡೆದದ್ದೆಂದು ತಿಳಿಯಿತು. ಅವರ ಪಡಸಾಲೆಯ ಗಡಿಯಾರವೂ ಅಂಥದೇ ಮೊಳೆಯ ಮೇಲೆ ತೂಗುತ್ತಿತ್ತು.

"ಗೊಲ್ಲಾಳಪ್ಪ, ಆ ಏಳು ತಿಂಗಳು ನೀವು ಎಲ್ಲಿದ್ರಿ?"

ಗೊಲ್ಲಾಳಪ್ಪ ನೀರಿನ ಲೋಟ ಬದಿಗೆ ಸರಿಸಿದ. "ಈಗ ಕೇಳಾಕತ್ತೀರಲ್ರಿ ಸಾಹೇಬ್ರ" ಎಂದು ಎದ್ದು, ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದ. ಅದರಲ್ಲಿ ಎರ್ರಗಡ್ಡದ ಎದೆರೋಗದ ಆಸ್ಪತ್ರೆಯ ಚೀಟಿ. ಕಾಯಿಲೆ ಟಿ.ಬಿ. ಎಂದಿತ್ತು; ಸೇರಿದ ದಿನ, ಬಿಟ್ಟ ದಿನ, ಡಾಕ್ಟರ ಸಹಿ ಇದ್ದವು. ಆ ಏಳು ತಿಂಗಳು ದಾನೇಶ್ವರಿ ಆಸ್ಪತ್ರೆಗೆ ಹತ್ತಿರದ ಸನತ್‌ನಗರದ ಒಂದು ಬಾಡಿಗೆ ಖೋಲಿಯಲ್ಲಿದ್ದು ಬುತ್ತಿ ಹೊತ್ತಿದ್ದಳು.

"ತಾರೀಖು ಐತಿ, ಸೀಲು ಐತಿ. ಎಲ್ಲಾ ಬರೋಬರ್ ಐತಲ್ರಿ! ಅವತ್ತ ಯಾಕ ತೋರಿಸಲಿಲ್ಲ?"

"ಎರ್ರಗಡ್ಡ ಅಂದ್ರ ಈ ಊರಾಗ ಹುಚ್ಚರ ದವಾಖಾನಿ ಅಂತನ ತಿಳೀತಾರ್ರಿ. ಎದಿಗೆ ಆಗಿತ್ತು ಅಂದ್ರ ಯಾರು ನಂಬತಾರ? ನಂಬಿದ್ರೂ ಕ್ಯಾಂಟೀನಿನ್ಯಾಗ ನನ್ನ ಬಾಜೂಕ ಯಾರು ಕೂಡತಾರ? ನಿಮ್ಮ ಮೆಮೊ ಇಂಗ್ರೇಜಿಯೊಳಗಿತ್ತು. ಓದಿಸಾಕ ಒಬ್ಬರಿಗೆ ತೋರಿಸಿದ್ರ ಹತ್ತು ಮಂದಿಗೆ ಗೊತ್ತಾಗತಿತ್ತು." ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದ: "ನೀವು ಬಾಯಿಬಿಟ್ಟು ಒಂದು ಮಾತ ಕೇಳಿದ್ರ ಹೇಳತಿದ್ದೆ. ಹತ್ತು ದಿನ ನಿಮ್ಮ ಟೇಬಲ್ ಮುಂದ ನಿಂತಿದ್ನಿ. ನೀವು ತಲಿ ಎತ್ತಲಿಲ್ಲ."

ಕಲ್ಯಾಣಪ್ಪನವರು "ಈ ಚೀಟಿ ಒಂದಿನದ ಮಟ್ಟಿಗೆ ಕೊಡ್ರಿ" ಎಂದು ಇಸಿದುಕೊಂಡು ಬಂದರು. ಮನೆಯಲ್ಲಿ ಉಳಿದಿದ್ದ ಎರಡನೆಯ ಖಾಲಿ ಸರ್ವಿಸ್ ಬುಕ್ ತೆಗೆದರು. ಗೊಲ್ಲಾಳಪ್ಪನ ಹೆಸರು ಹಾಕಿ, ನೆನಪಿನಿಂದಲೇ ದಿನವಿಡೀ ಕೂತು ಬರೆದರು. 1991ಕ್ಕೆ ಬಂದಾಗ ಹಸಿರು ಶಾಯಿ ತೆಗೆದುಕೊಂಡರು. ಥರ್ಲ್‌ಬಿ ಸಾಹೇಬರಿಗೆ ಬರೆದ ಸಾಲನ್ನೇ ಇಲ್ಲೂ ಬರೆದರು.

ಮರುದಿನ ಪುಸ್ತಕ, ಶಾಯಿ ಪ್ಯಾಡು ಎರಡನ್ನೂ ಹಿಡಿದು ಮತ್ತೆ ಗೊಲ್ಲಾಳಪ್ಪನ ಬಾಗಿಲಿಗೆ ಹೋದರು. ಅವನು ಕನ್ನಡಕ ಹಾಕಿ ಒಂದೊಂದೇ ಪುಟ ತಿರುವಿದ. ಈ ಸಲ ಎಲ್ಲ ಕನ್ನಡದಲ್ಲಿತ್ತು. ಹಸಿರು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ.

"ಇದು ಯಾವ ಆಫೀಸಿನ್ಯಾಗ ನಡೀತೈತಿ ಸಾಹೇಬ್ರ?"

"ಎಲ್ಲೂ ನಡಿಯಂಗಿಲ್ಲ" ಎಂದರು ಕಲ್ಯಾಣಪ್ಪನವರು.

ಗೊಲ್ಲಾಳಪ್ಪ ಎಡಗೈ ಮುಂದೆ ಚಾಚಿದ. ಕಲ್ಯಾಣಪ್ಪನವರು ಅವನ ಹೆಬ್ಬೆಟ್ಟು ಹಿಡಿದು ಪ್ಯಾಡಿಗೆ ಒತ್ತಿ, ಮೊದಲ ಪುಟದ ಖಾಲಿ ಚೌಕದಲ್ಲಿ ಇಟ್ಟು, ಒತ್ತಿಯೇ ಹಿಡಿದರು. ಗುರುತು ಮೂಡಿದ ಮೇಲೂ ಬಿಡಲಿಲ್ಲ.