ಬೋರಗಾಂವದ ಮಗ್ಗದ ಕಾಕಾ

ಬೋರಗಾಂವದಲ್ಲಿ ನಮ್ಮ ಪಕ್ಕದ ಮನೆಯವರಿಗೆ ನಾಲ್ಕು ಪವರ್‌ಲೂಮ್ ಇದ್ದವು. ಅವರನ್ನು ನಾವು ಮಗ್ಗದ ಕಾಕಾ ಎನ್ನುತ್ತಿದ್ದೆವು. ಮಾತಾಡುತ್ತಲೇ ಎದುರಿಗಿದ್ದವರ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೇಯ್ಗೆ ನೋಡುವುದು ಅವರ ರೂಢಿ.

ನಡುವಯಸ್ಸಿನಲ್ಲಿ ಅವರಿಗೆ ಖಿನ್ನತೆ ಬಂತು. ವರ್ಷಗಟ್ಟಲೆ ನುಂಗಿದ ಯಾವ ಗುಳಿಗೆಯೂ ನಾಟಲಿಲ್ಲ. ಏನು ಕೇಳಿದರೂ "ನಡೀತೈತಿ" ಎಂಬುದೊಂದೇ ಉತ್ತರ.

ತಲೆಯ ಮೇಲೆ ಅಯಸ್ಕಾಂತದ ಸುರುಳಿ ಇಟ್ಟು ಮಿದುಳನ್ನು ಪ್ರಚೋದಿಸುವ ಹೊಸ ಚಿಕಿತ್ಸೆಯ ಸಂಶೋಧನೆಗೆ ಸೇರುತ್ತೀರಾ ಎಂದು ಬೆಳಗಾವಿಯ ಡಾಕ್ಟರು ಕೇಳಿದರು. ಗುಣವಾಗುತ್ತದೆಂದು ಭರವಸೆಯನ್ನೇನೂ ಕೊಡಲಿಲ್ಲ. ಅವರ ಹೆಂಡತಿ ಕಾಕು ಹೆದರಿ ಬೇಡವೆಂದರು.

"ನನಗ ಆಗಲಿಲ್ಲಂದ್ರೂ ಮುಂದಿನವ್ರಿಗೆ ಉಪಯೋಗ ಆಗ್ತೈತಿ," ಎಂದರು ಕಾಕಾ. ಬಹಳ ದಿನಗಳ ಮೇಲೆ ಅವರಾಡಿದ ಉದ್ದನೆಯ ಮಾತು ಅದು.

ಕೆಲವು ವಾರ ಆ ಚಿಕಿತ್ಸೆಗೆ ಬೆಳಗಾವಿಗೆ ಹೋಗಿಬಂದರೂ ಏನೂ ಬದಲಾಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಾಕು ನಮ್ಮ ಅಡುಗೆಮನೆಗೇ ಬಂದರು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗುವಿತ್ತು.

"ಝುಣಕಾದಾಗ ಉಪ್ಪ ಕಡಿಮಿ ಆಗೈತಿ ಅಂದ್ರು ನೋಡ್ರಿ ಅಕ್ಕಾರ," ಎಂದು ಅವ್ವನಿಗೆ ಹೇಳಿದರು. "ಅವ್ರಿಗೆ ರುಚಿ ಗೊತ್ತಾಗಾಕತ್ತೈತಿ."

ನಾವು ಹೋಗಿ ನೋಡಿದಾಗ ಕಾಕಾ ತಟ್ಟೆಯಲ್ಲಿದ್ದ ಕಡಲೆಹಿಟ್ಟಿನ ಝುಣಕಾದ ಮೇಲೆ ತಾವೇ ಉಪ್ಪು ಉದುರಿಸಿಕೊಂಡು, ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದುಕೊಳ್ಳುತ್ತಿದ್ದರು.