ಮೂರನೇ ಕೂಗಿಗೆ ಕಾದು ನಿಂತ ರಾತ್ರಿ

ಇದು ನಡೆದದ್ದು. ಕಟ್ಟಿ ಹೇಳುವ ಕತೆಯಾಗಿದ್ದರೆ ನಾನೇ ತಪ್ಪಿತಸ್ಥಳಾಗುವ ಹಾಗೆ ಯಾಕೆ ಕಟ್ಟುತ್ತಿದ್ದೆ ಹೇಳಿ? ಇವತ್ತಿನವರೆಗೆ ನಮ್ಮನೆಯವರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಆ ರಾತ್ರಿ ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ನಾಲ್ಕು ಜನ ಇದ್ದೆವು. ಒಳಕೋಣೆಯ ಮಂಚದ ಮೇಲೆ ನನ್ನ ನಾದಿನಿ ರೇಣುಕಾ. ಹಾಲ್‌ನಲ್ಲಿ ಒಂದು ಗೋಡೆಗೆ ನಮ್ಮತ್ತೆ, ಇನ್ನೊಂದು ಗೋಡೆಗೆ ರೇಣುಕಾಳ ಗಂಡ ಮಂಜು. ಮತ್ತೆ ನಾನು. ನಮ್ಮನೆಯವರು ರಾತ್ರಿ ಬಸ್ಸಿನ ಡ್ರೈವರು. ಅವತ್ತು ಡ್ಯೂಟಿಯ ಮೇಲಿದ್ದರು.

ರೇಣುಕಾಗೆ ಮೂವತ್ತೊಂದು ವರ್ಷ. ಕ್ಯಾನ್ಸರ್ ಲಿವರಿಗೆ ಹರಡಿದೆ, ಇನ್ನು ಮನೆಯಲ್ಲೇ ನೋವಾಗದ ಹಾಗೆ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿ ಎರಡು ತಿಂಗಳಾಗಿತ್ತು. ಸಾಗರದ ಗಂಡನ ಮನೆಯಿಂದ ಅವಳನ್ನು ಕರೆತಂದವಳು ನಾನು. ಐದು ವರ್ಷದ ಮಗಳು ಸಿಂಚನಾಳನ್ನು ಅಲ್ಲೇ ಅಜ್ಜಿಯ ಹತ್ತಿರ ಬಿಟ್ಟು ಬರೋಣ ಎಂದವಳೂ ನಾನೇ. ಕಾರಣವಿತ್ತು. ಒಂದು ದಿನ ತಲೆಗೆ ಕಟ್ಟಿದ್ದ ಬಟ್ಟೆ ಜಾರಿ, ಅಮ್ಮನ ಬೋಳು ತಲೆ ಕಂಡ ಮಗು ಕಿಟಾರನೆ ಕಿರುಚಿ ಬಾಗಿಲ ಸಂದಿಯಲ್ಲಿ ಅಡಗಿತ್ತು. ರೇಣುಕಾ ಬೆಳಗಿನವರೆಗೆ ಅತ್ತಿದ್ದಳು.

"ಚೂರು ಕೂದ್ಲು ಬರ್ಲಿ, ಆಮೇಲೆ ಪುಟ್ಟಿನ ಕರ್ಸೋಣ" ಎಂದಿದ್ದೆ. ಕೂದಲು ಬರುವಷ್ಟು ದಿನ ಅವಳಿಗಿಲ್ಲ ಎಂದು ನನಗೆ ಗೊತ್ತಿತ್ತು.

ಮಾರ್ಚ್ ತಿಂಗಳ ಸೆಕೆ. ಅವತ್ತು ಸಂಜೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾಗ ಅವಳು ಪಿಸುದನಿಯಲ್ಲಿ ಮಾತು ತೆಗೆದಳು. ಮೂರು ವಾರದಿಂದ ಅವಳಿಗೆ ಅದೊಂದೇ ದನಿ ಉಳಿದಿತ್ತು.

"ನಾಳೆ ಪುಟ್ಟಿನ ಕರ್ಸಿ ಅತ್ತಿಗೆ."

"ಭಾನುವಾರ ಕರ್ಸೋಣ ಕಣೆ. ಈಗ ಪರೀಕ್ಷೆ ಅಂತೆ ಅವ್ಳಿಗೆ."

"ಯುಕೆಜಿ ಪರೀಕ್ಷೆ... ಐಎಎಸ್ಸಾ ಅದು, ಮಾರಾಯ್ರೆ?"

ನಕ್ಕಳು. ಆ ನಗುವಿಗೂ ಉಸಿರು ಸಾಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಕರ್ಸಿ ಬಿಡೇ, ಎಂತ ಆಗ್ತದೆ?" ಎಂದರು.

"ಮಗು ಮತ್ತೆ ಹೆದ್ರಿ ಕಿರುಚಿದ್ರೆ? ಇವ್ಳು ತಡ್ಕೊತಾಳಾ ಅತ್ತೆ?"

ಆ ಮನೆಯಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ. ಚಾಕರಿ ಮಾಡುವವಳ ಮಾತು ನಡೆಯುತ್ತದೆ ನೋಡಿ.

"ರಾತ್ರಿ ಯಾರ ಪಾಳಿ?" ರೇಣುಕಾ ಕೇಳಿದಳು.

"ನಂದೇ."

"ಹಂಗಾದ್ರೆ ಯಮ ಬರಲ್ಲ ಬಿಡಿ. ನಿಮ್ ಗೊರಕೆಗೆ ಹೆದರ್ತಾನೆ." ನನ್ನ ಬೆರಳು ಹಿಡಿದಳು. "ಕರೆದ್ರೆ ಬರ್ತೀರಲ್ಲ ಅತ್ತಿಗೆ?"

"ಒಂದೇ ಕೂಗಿಗೆ ಬರ್ತೀನಿ" ಎಂದೆ.

ರಾತ್ರಿ ಎರಡೂವರೆ ಇರಬಹುದು. ನೋವಿನ ಮಾತ್ರೆ ಕೊಟ್ಟು, ಹೊಟ್ಟೆಯ ಮೇಲಿಡುವ ಬಿಸಿನೀರಿನ ಚೀಲಕ್ಕೆ ನೀರು ಕಾಯಿಸಲು ಅಡುಗೆಮನೆಗೆ ಬಂದೆ. ಪಾತ್ರೆ ಇಟ್ಟು ಗ್ಯಾಸ್ ಹಚ್ಚಿದೆ. ಸೆಕೆಗೆಂದು ಹಿತ್ತಿಲ ಕಡೆಯ ಕಿಟಕಿ ತೆರೆದೇ ಇತ್ತು. ಅದರ ಪಕ್ಕದ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿತ್ತು.

ಮೊದಲು ಬಂದದ್ದು ವಾಸನೆ... ಮಕ್ಕಳಿಗೆ ಹಚ್ಚುವ ಪೌಡರಿನದು. ಅದರ ಜೊತೆಗೆ ಸ್ಕೂಲ್ ಬ್ಯಾಗಿನೊಳಗೆ ಮರೆತು ಕಳಿತ ಬಾಳೆಹಣ್ಣಿನದು. ಮಕ್ಕಳಿಲ್ಲದ ಮನೆ ನಮ್ಮದು. ಎಲ್ಲಿಂದ ಬಂತು ಎಂದುಕೊಳ್ಳುವಷ್ಟರಲ್ಲಿ ಗುಂಯ್‌ಗುಡುತ್ತಿದ್ದ ಫ್ರಿಜ್ಜು ತಟಕ್ಕನೆ ನಿಂತಿತು. ಬೀದಿಯ ನಾಯಿಗಳೂ ಸುಮ್ಮನಾದವು.

"ಅತ್ತಿಗೇ..."

ರೇಣುಕಾಳ ದನಿ! ಪಿಸುದನಿಯಲ್ಲ... ಕಾಯಿಲೆಗೆ ಮುಂಚಿನ ದನಿ. ಬಸ್ ಸ್ಟ್ಯಾಂಡಿನ ಆ ತುದಿಯಿಂದ ಕೂಗಿದರೆ ಈ ತುದಿಗೆ ಕೇಳುತ್ತಿದ್ದ ಗಂಟಲು. ಒಳಕೋಣೆಯಿಂದ ಬಂತೋ, ಹಿತ್ತಿಲಿನಿಂದ ಬಂತೋ ತಿಳಿಯಲಿಲ್ಲ. ತಲೆ ಎತ್ತಿ ಕಿಟಕಿಯತ್ತ ನೋಡಿದೆ. ಕಪ್ಪು ಕತ್ತಲೆ.

ಓಗೊಡಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ.

ಹೊಸನಗರದ ಕಡೆಯ ಹಳ್ಳಿ ನನ್ನ ತವರು. ನಮ್ಮಜ್ಜಿ ಮಾತು ಕಲಿಸುವಾಗಲೇ ಇದನ್ನೂ ಕಲಿಸಿದ್ದರು: "ರಾತ್ರಿ ಹೊತ್ತು ಯಾರೇ ಕರೀಲಿ, ಮೂರನೇ ಕೂಗಿಗೇ ಓಗೊಡ್ಬೇಕು ಮಗ. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಅವಕ್ಕೆ ಎರಡಕ್ಕಿಂತ ಹೆಚ್ಚು ಕರಿಯೋ ತ್ರಾಣ ಇಲ್ಲ." ನಲವತ್ತು ದಾಟಿದ ಮೇಲೂ ಅದು ನನ್ನ ಮೈಯಲ್ಲೇ ಇತ್ತು.

"ಅತ್ತಿಗೇ..."

ಎರಡು.

ಮಸಿಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಿಂತೆ. ಇನ್ನೊಂದು ಸಲ ಕರಿ ಮಾರಾಯ್ತಿ... ಇನ್ನೊಂದೇ ಸಲ... ನೀರು ಕುದಿಯತೊಡಗಿತು. ಹಾಲ್‌ನಲ್ಲಿ ಮಲಗಿದ್ದ ಇಬ್ಬರೂ ಮಗ್ಗುಲು ಸಹ ಬದಲಿಸಲಿಲ್ಲ. ಪಾತ್ರೆಯ ನೀರು ಅರ್ಧಕ್ಕೆ ಇಳಿಯಿತು. ಮೂರನೇ ಕೂಗು ಬರಲಿಲ್ಲ.

ಆ ವಾಸನೆ ಮೆಲ್ಲಗೆ ಕಡಿಮೆಯಾಗಿ ಹೋಯಿತು. ಫ್ರಿಜ್ಜು ಮತ್ತೆ ಗುಂಯ್ ಎಂದಿತು. ಆಗ ಗ್ಯಾಸ್ ಆರಿಸಿದೆ.

ಒಳಗೆ ಹೋದರೆ ರೇಣುಕಾ ಬಾಗಿಲಿನತ್ತ ಕಣ್ಣು ನೆಟ್ಟು ಮಲಗಿದ್ದಳು. ತಲೆದಿಂಬು ಬೆವರಿನಿಂದ ತೊಯ್ದಿತ್ತು. ಹತ್ತಿರ ಬಗ್ಗಿದೆ.

"ಪುಟ್ಟಿ ಬಂದಿದ್ಲು ಅತ್ತಿಗೆ..." ಅದೇ ಪಿಸುದನಿ. "ಹಿತ್ಲ ಬಾಗ್ಲಲ್ಲಿ ನಿಂತಿದ್ಲು. ಒಳ್ಗಿಂದ ಚಿಲಕ ಹಾಕಿತ್ತಲ್ಲ... ಬಾಗ್ಲು ತೆಗೀರಿ ಅಂತ ಕರೆದೆ. ಎರಡು ಸಲ ಕರೆದೆ."



"ಆಮೇಲೆ ಆಗ್ಲಿಲ್ಲ..." ಎಂದಳು. "ಅವ್ಳು ಹೋದ್ಲು."

"ಕೇಳ್ಸಲೇ ಇಲ್ಲ ಕಣೆ" ಎಂದೆ. ಸಾಯುವವಳ ಮುಖ ನೋಡಿಕೊಂಡು ಹಾಗಂದೆ. "ನೀರು ಕುದೀತಿತ್ತಲ್ಲ, ಆ ಸದ್ದಿಗೆ..."

ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ. "ಇರ್ಲಿ ಬಿಡಿ" ಎಂದು ಕಣ್ಣು ಮುಚ್ಚಿಕೊಂಡಳು. ನನಗೆ ಅವಳು ಹೇಳಿದ ಕೊನೆಯ ಮಾತು ಅದು.

ಮಂಜುವನ್ನು ಅಲುಗಾಡಿಸಿ ಎಬ್ಬಿಸಿದೆ. "ಈಗಿಂದೀಗ್ಲೇ ಹೋಗಿ ಪುಟ್ಟಿನ ಕರ್ಕೊಂಡು ಬಾ." ಅವನು ಯಾಕೆ, ಏನು ಎಂದು ಕೇಳಲಿಲ್ಲ. ಮೂರು ಗಂಟೆಗೆ ತನ್ನ ಗೂಡ್ಸ್ ಆಟೋದಲ್ಲಿ ಸಾಗರಕ್ಕೆ ಹೊರಟ.

ಏಳಕ್ಕೆ ಅವನ ಫೋನು ಬಂತು. "ಹೊಸನಗರ ದಾಟಿದ್ವಿ ಅಕ್ಕ. ಪುಟ್ಟಿ ಕೂತಿದಾಳೆ ಪಕ್ಕದಲ್ಲೇ. ರೇಣು ಎದ್ಳಾ?"

ಐದು ನಿಮಿಷದ ಹಿಂದಷ್ಟೇ ನಮ್ಮತ್ತೆ ಅವಳ ಬಾಯಿಗೆ ನೀರು ಬಿಟ್ಟಿದ್ದರು. ಆ ನೀರು ಕಟವಾಯಿಯಿಂದ ಹೊರಗಿಳಿದಿತ್ತು.

"ನಿಧಾನಕ್ಕೆ ಬಾ ಮಂಜು" ಎಂದೆ.

ಆಮೇಲೆ ಯಾವಾಗಲೋ ಅವನನ್ನು ಕೇಳಿದ್ದೆ, ಅವತ್ತು ಮಗು ಎಲ್ಲಿತ್ತು ಎಂದು. ಬೆಳಗಿನ ಜಾವ ತಾನು ಹೋದಾಗ ಅಜ್ಜಿಯ ಮಗ್ಗುಲಲ್ಲಿ ಮಲಗಿತ್ತಂತೆ. ರಾತ್ರಿಯಿಡೀ ಎಚ್ಚರವೇ ಆಗಿಲ್ಲ ಎಂದು ಅಜ್ಜಿ ಹೇಳಿದರಂತೆ. ಇನ್ನು ನಾನು ಯಾರನ್ನು ಏನು ಕೇಳಲಿ? ಬೇರೆ ಯಾವುದೋ ಕರೆದದ್ದಾದರೆ, ಎರಡು ಸಲ ಕರೆದದ್ದು ರೇಣುಕಾಗೆ ಹೇಗೆ ಗೊತ್ತು? ಅವಳೇ ಕರೆದದ್ದಾದರೆ, ಆ ದನಿ ಎಲ್ಲಿಂದ ಬಂತು? ಅವಳಿಗೆ ಎರಡು ಕೂಗಿನಷ್ಟೇ ತ್ರಾಣ ಉಳಿದಿತ್ತು ಎಂಬುದೊಂದೇ ನನಗೆ ಗೊತ್ತಿರುವುದು.

ಜೂನ್‌ನಲ್ಲಿ ಸಿಂಚನಾಳನ್ನು ನಮ್ಮಲ್ಲಿಗೇ ಕರೆತಂದು ಇಲ್ಲಿಯ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೆವು. ಎರಡನೇ ವಾರವೋ ಏನೋ, ಒಂದು ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದೆ.

"ಅತ್ತೆ, ಅವತ್ತು ಅಮ್ಮ ಕರೆದಾಗ ನೀವು ತಲೆ ಎತ್ತಿ ನೋಡಿದ್ರಿ ಅಲ್ವಾ?"

"ಯಾವತ್ತು ಪುಟ್ಟಿ?"

"ನಾನು ಹಿಂದಿನ್ ಬಾಗ್ಲಲ್ಲಿ ನಿಂತಿದ್ನಲ್ಲ, ಕತ್ಲಲ್ಲಿ. ಕಿಟಕೀಲಿ ಕಂಡ್ರಿ ನೀವು."

ಸುಳ್ಳು ಹೇಳಲಾಗಲಿಲ್ಲ. "ಹೌದು, ನೋಡ್ದೆ" ಎಂದೆ.

ಜಡೆ ಒಂದು ಕಡೆಗೆ ವಾಲಿತ್ತು, ಬಿಚ್ಚಿ ಇನ್ನೊಂದು ಸಲ ಹೆಣೆದೆ. ಶಾಲೆಯ ವ್ಯಾನು ಬಂತು. ಬ್ಯಾಗು ಹಾಕಿಕೊಂಡು ಹೋದಳು.